ಬಿದ್ದಷ್ಟು ಹೊತ್ತು

ಮತ್ತಿಕೆರೆಯ ಎರಡನೇ ಮಹಡಿಯಲ್ಲಿ ಕೂತು
ಬಂಗಾಳ ಕೊಲ್ಲಿಯನ್ನು ತೆರೆಯಲು
ಹನ್ನೊಂದು ದಿನ ಕಾದೆ.
ಅರ್ಜಿ, ಮೇಲಿನವರ ಸಹಿ, ಯಾಕೆ ಬೇಕೆಂದು ಮೂರು ಸಾಲು,
ಬಂದ ದಿನವೇ ಅವಧಿ ಮುಗಿದ ಪಾಸ್‌ವರ್ಡ್,
ಮತ್ತೆ ಅರ್ಜಿ.
ಕೊನೆಗೆ ಇಳಿಯಿತು ಕಡಲು, ನಾಲ್ಕು ಎಂಬಿ,
ಸೋಮವಾರದ ಕಾವೇರಿ ನಲ್ಲಿಯ ಹಾಗೆ
ನಿಂತು ನಿಂತು.

ಒಂದೊಂದು ಫೈಲೂ ಒಂದೊಂದು ಇಳಿತ.
ಹಡಗಿನ ಹಿಂಬದಿಯಿಂದ ಯಾರೋ ಕೈಬಿಟ್ಟ
ಮೊಳದಷ್ಟೂ ಇಲ್ಲದ ಸಲಾಕೆ,
ಬಾಲಕ್ಕೆ ಕೂದಲೆಳೆಯಂಥ ತಾಮ್ರದ ತಂತಿ,
ತಂತಿ ಹಿಡಿದು ಏರಿ ಬರುವ ಬಿಸುಪು:
ಇಪ್ಪತ್ತೆಂಟು, ಇಪ್ಪತ್ತೇಳೂವರೆ, ಹತ್ತೊಂಬತ್ತು, ಹನ್ನೊಂದು.
ಆಮೇಲೆ ತಂತಿ ಮುಗಿದು ತುಂಡು.
ಸಲಾಕೆ ಇಳಿಯುತ್ತಲೇ ಇರುತ್ತದೆ
ಯಾರಿಗೂ ಏನೂ ಹೇಳದೆ.

ಅದಕ್ಕೆ ಆಳ ಗೊತ್ತಿಲ್ಲ.
ಆಳವನ್ನು ನಾವು, ದಡದವರು,
ಬಿದ್ದಷ್ಟು ಹೊತ್ತಿನಿಂದ ಲೆಕ್ಕ ಹಾಕಿದ್ದು.
ಇಷ್ಟು ಸೆಕೆಂಡಿಗೆ ಇಷ್ಟು ಮೀಟರು ಎಂಬ ಸೂತ್ರ,
ಎಲ್ಲರೂ ನಂಬಿದ್ದು.
ಸಲಾಕೆ ಸೂತ್ರಕ್ಕಿಂತ ಜೋರಾಗಿ ಬೀಳುತ್ತಿತ್ತು.
ನಾನೂರು ಎಂದು ಬರೆದಲ್ಲಿ ನಾನೂರ ಹದಿಮೂರು.
ಬಿಸಿ ಸುಳ್ಳಲ್ಲ,
ಅದು ಇದ್ದ ಜಾಗ ಸುಳ್ಳು.

ಬೋರ್‌ವೆಲ್ ಲಾರಿಯ ಸೆಲ್ವಂ ಕೂಡ
ರಾಡು ಎಣಿಸಿಯೇ ಆಳ ಹೇಳುತ್ತಿದ್ದ.
‘ಎಂಟುನೂರ ಅರವತ್ತು ಅಡಿ ಸಾರ್.’
ನಮ್ಮ ಓನರ್ ತಿಪ್ಪಾರೆಡ್ಡಿ ಇಟ್ಟಿಗೆ ಚೂರಿನಿಂದ
ಕಾಂಪೌಂಡಿಗೆ ಗೀಟು ಎಳೆದು ಎಳೆದು
‘ಎಂಟುನೂರ ಇಪ್ಪತ್ತೇ.’
ಎರಡು ರಾಡಿನ ಜಗಳ, ರಾತ್ರಿ ಹನ್ನೆರಡರವರೆಗೆ.
ಬಂದದ್ದು ಬೂದಿಬಣ್ಣದ ಧೂಳು,
ಅದಕ್ಕೆ ಆಳದ ಹಂಗಿಲ್ಲ.

ಗುಣಿಸುವುದೇನು, ಒಂದು ಸಾಲಿನ ಕೆಲಸ.
ಕಷ್ಟವಿರುವುದು ಯಾವುದನ್ನು ಎಂಬಲ್ಲಿ.
ಕೆಲವರು ಆಗಲೇ ತಿದ್ದಿ ಕಳಿಸಿದ್ದಾರೆ,
ಕೆಲವರು ತಿದ್ದಿಲ್ಲ, ಬಹಳ ಜನ ಹೇಳಿಲ್ಲ.
ಎರಡು ಸಲ ತಿದ್ದಿದರೆ ಅದು ಬೇರೆಯೇ ತಪ್ಪು.
ಹಾಗಾಗಿ ಲಾಗ್‌ಶೀಟಿನ ಸ್ಕ್ಯಾನು ತೆರೆದು ನೋಡುತ್ತೇನೆ
ಒಂದೊಂದೇ.

ಎಂಬತ್ತೆಂಟರ ಜನವರಿ. ವೀಕ್ಷಕ: ಪಿ. ಕೋರನ್.
ಹರಡಿದ ನೀಲಿ ಶಾಯಿ, ಎಡಕ್ಕೆ ವಾಲಿದ ಏಳು,
ಅಂಚಿನಲ್ಲಿ: ಅಲೆ ಹೆಚ್ಚು. ಎರಡನೇ ಸಲ ಹಾಕಿದೆ.
ಅವನ ಸಾಲಿಗೆ ಯಂತ್ರ ಕೊಟ್ಟ ತೀರ್ಪು ನಾಲ್ಕು.
ನಾಲ್ಕು ಅಂದರೆ ಕೆಟ್ಟದ್ದು, ಬಳಸಬೇಡಿ.
ಮೇಲೆ ಇಪ್ಪತ್ನಾಲ್ಕು, ನಲವತ್ತು ಮೀಟರಿನಲ್ಲಿ ಇಪ್ಪತ್ತಾರು.
ಕೆಳಗಿನದು ಮೇಲಿನದಕ್ಕಿಂತ ಬಿಸಿ ಇರಕೂಡದೆಂದು
ಯಾರೋ ಯಂತ್ರಕ್ಕೆ ಕಲಿಸಿದ್ದರು;
ಕಲಿಸಿದವರ ಕಡಲು ಬೇರೆ ಇದ್ದೀತು.

ಆ ಕೊಲ್ಲಿಯ ತಲೆಯ ಮೇಲೆ ನದಿಗಳು ಸುರಿಯುತ್ತವೆ.
ಹಗುರದ ಸಿಹಿನೀರು ಮುಚ್ಚಳವಾಗಿ ಮಲಗಿ
ಚಳಿಗಾಳಿಗೆ ತಣಿಯುತ್ತದೆ. ಅಡಿಯ ಉಪ್ಪುನೀರು
ಹೋದ ಬೇಸಿಗೆಯನ್ನು ಹಿಡಿದೇ ಇರುತ್ತದೆ,
ಬಿಟ್ಟುಕೊಡದು.
ಆರಿದೆ ಅಂದುಕೊಂಡು ಅಂಬಲಿಯ ಕೆನೆಗೆ
ಬೆರಳು ಇಟ್ಟು ಸುಟ್ಟುಕೊಂಡವರು ಒಬ್ಬರೂ
ಆ ಯಂತ್ರದ ಹತ್ತಿರ ಇರಲಿಲ್ಲ.

ಸುತ್ತಲಿನ ಮೂರು ಇಳಿತ ತೆಗೆದೆ,
ಒಂದು ಬೇರೆ ಹಡಗಿನದು.
ಮೂರರಲ್ಲೂ ಅದೇ ಜಾಗದಲ್ಲಿ ಅದೇ ಉಬ್ಬು.
ಪಕ್ಕದ ಕಾಲಮ್ಮಿನಲ್ಲಿ ‘ಒಂದು’ ಎಂದು ಬರೆದೆ.
ನಾಲ್ಕನ್ನು ಅಳಿಸಲಿಲ್ಲ, ಅಳಿಸುವಂತಿಲ್ಲ.
ಯಾರು, ಯಾವತ್ತು, ಯಾಕೆ, ಅದನ್ನೂ ಬರೆದೆ.

ಮರುದಿನದ್ದೂ ಕೋರನ್‌ನದೇ.
ಮುನ್ನೂರರ ಕೆಳಗೆ ತಟ್ಟನೆ ಮೂವತ್ತೈದು.
ತಂತಿ ಸುಲಿದು ಉಪ್ಪುನೀರು ಹೊಕ್ಕಿದೆ.
ತುಂಬ ಹೊತ್ತು ನೋಡಿದೆ.
ಅದು ನಾಲ್ಕೇ.

ಕರೆಂಟು ಹೋಗಿ ಯುಪಿಎಸ್ ಕೂಗಿದಾಗ ಎದ್ದೆ.
ಯಶವಂತಪುರದ ಪ್ಲಾಟ್‌ಫಾರಮ್ಮಿನ ಹಳದಿ ಹಲಗೆ
ಈ ಊರು ಕಡಲಿನಿಂದ
ಒಂಬೈನೂರು ಚಿಲ್ಲರೆ ಮೀಟರು ಮೇಲೆ ಅನ್ನುತ್ತದೆ.
ಯಾವ ಕಡಲು, ಯಾವ ವರ್ಷದ್ದು?
ಬಣ್ಣ ಬಳಿದವರು ಅಂಚಿನವರೆಗೂ ಬಳಿದಿದ್ದಾರೆ,
ಪಕ್ಕದಲ್ಲಿ ಕಾಲಮ್ಮು ಬಿಟ್ಟಿಲ್ಲ.